ಸೊನ್ನೆ ಬಿಲ್ಲಿನ ಮನೆಗೆ ಸೋಲಾರ್ ಯಾಕೆ?

ಸೋಲಾರ್ ಅಂದ ತಕ್ಷಣ ನಾವು ಬೆಲೆ, ಸಬ್ಸಿಡಿ ಅಂತ ಲೆಕ್ಕಕ್ಕೆ ಕೂರುತ್ತೇವೆ. ಅರಸೀಕೆರೆ ಸೀಮೆಯಲ್ಲಿ ಮಳೆಗೆ ಬರ ಬರಬಹುದು, ಬಿಸಿಲಿಗಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿಯೂ ಇದೆ. ಆದರೂ ಊರಿಗೆ ಹೋದಾಗ ನನಗೆ ತಾರಸಿಗಳ ಮೇಲೆ ಕಾಣೋದು ಒಣಹಾಕಿದ ಕೊಬ್ಬರಿಯೇ ಹೆಚ್ಚು.

ಕಾರಣವನ್ನ ಬೇಲೂರಿನ ನಮ್ಮ ಮಾವ ಒಂದೇ ಮಾತಲ್ಲಿ ಹೇಳಿದರು: "ಬಿಲ್ಲೇ ಬರಲ್ಲ ಕಣಪ್ಪ, ಸೋಲಾರ್ ಹಾಕ್ಸ್ಕೊಂಡು ಏನ್ ಮಾಡ್ಲಿ?" 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಮಿತಿಯೊಳಗೆ ಬಿಲ್ ಸೊನ್ನೆ. ತೋಟದ ಪಂಪ್‌ಸೆಟ್ಟಿಗೂ 10 ಎಚ್‌ಪಿವರೆಗೆ ಕರೆಂಟ್ ಉಚಿತ. ಸಬ್ಸಿಡಿ ಕಳೆದ ಮೇಲೂ ಕೈಯಿಂದ ಲಕ್ಷದಷ್ಟು ಹಾಕಿ ಉಳಿಸೋದು ಏನನ್ನ? 1995ರಲ್ಲಿ ಸೆಲ್ಕೋದಂಥ ಸಂಸ್ಥೆ ಶುರುವಾದಾಗ ಕತ್ತಲೆಯ ಮನೆಗೆ ದೀಪ ಬೇಕಿತ್ತು. ಬಡವರಿಗೆ ಬ್ಯಾಂಕ್ ಸಾಲ, ಕಂತು ಹೊಂದಿಸಿಕೊಟ್ಟರೆ ಸಾಕಿತ್ತು. ಈಗಿನ ಅಡ್ಡಿಯೇ ಬೇರೆ.

ಆದರೆ ಬಿಲ್ ಸೊನ್ನೆ ಅಂದ್ರೆ ಬೆಲೆ ಸೊನ್ನೆ ಅಂತಲ್ಲ. ಆ ದುಡ್ಡನ್ನ ಸರ್ಕಾರ, ಅಂದ್ರೆ ನಾವೆಲ್ಲ, ಕಟ್ತಿದ್ದೀವಿ. ದುಡ್ಡಿನಲ್ಲಿ ತೀರದ ಇನ್ನೊಂದು ಬಾಕಿಯೂ ಇದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1985ರಿಂದ ಕಲ್ಲಿದ್ದಲು ಸುಡ್ತಾ ಬಂದಿದೆ. ನಮ್ಮ ಮನೆಯ ಫ್ಯಾನ್ ತಿರುಗಿದರೆ, ಅದರ ಹಾರುಬೂದಿ ಉಸಿರಾಡೋರು ಅಲ್ಲಿಯವರು. ನಾವು ತೆರದ ಬೆಲೆಯನ್ನ ಗುರುತಿಲ್ಲದ ಇನ್ಯಾರೋ ತೆರುವುದು ನ್ಯಾಯವೇ?

ಇದನ್ನೆಲ್ಲ ಹೇಳಿದ್ದಕ್ಕೆ ಮಾವ, "ಹಂಗಾದ್ರೆ ಮೊದ್ಲು ದುಡ್ಡಿರೋ ನೀವು ಹಾಕ್ಸಿ" ಅಂದರು. ನನಗೆ ಸರಿ ಅನ್ನಿಸಿತು. ಫ್ಯಾನು, ಟಿವಿ, ಮಿಕ್ಸಿಯಷ್ಟೇ ಇರೋ ಮನೆಗೆ ಭೂಮಿ ಉಳಿಸುವ ಪಾಠ ಹೇಳೋದು ಸುಲಭ. ಏಸಿ, ಗೀಸರ್ ಇರೋ ನಮ್ಮಂಥವರು ಆ ಪಾಠ ಕೇಳಿಸಿಕೊಳ್ಳೋದೇ ಕಷ್ಟ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಚಾವಣಿ ನಮ್ಮದಲ್ಲ, ನಿಜ. ಊರಿನ ಚಾವಣಿ ನಮ್ಮದೇ ಅಲ್ವಾ?

ಸರ್ಕಾರಕ್ಕೂ ಒಂದು ಮಾತು: ಪ್ರತಿ ತಿಂಗಳು ಉಚಿತ ಯೂನಿಟ್ಟಿಗೆ ಕೊಡುವ ಹಣದಲ್ಲಿ ಒಂದಿಷ್ಟನ್ನ ಅದೇ ಮನೆಗಳ ಮೇಲೆ ಪ್ಯಾನೆಲ್ ಹಾಕಲು ಕೊಡಬಹುದು. ಬಡವರಿಗೆ ಬಿಲ್ ಸೊನ್ನೆಯಾಗಿಯೇ ಇರುತ್ತೆ, ಸುಡುವ ಕಲ್ಲಿದ್ದಲೂ ಕಡಿಮೆಯಾಗುತ್ತೆ.

ಹಳೇಬೀಡಿನ ದ್ವಾರಸಮುದ್ರ ಕೆರೆ ಕಟ್ಟಿದವರು ತಮ್ಮ ಮನೆಗೆಷ್ಟು ನೀರು ಅಂತ ಮಾತ್ರ ಲೆಕ್ಕ ಹಾಕಿದ್ದರೆ ನಮಗೆ ಕೆರೆ ಸಿಗುತ್ತಿರಲಿಲ್ಲ. ನಮ್ಮ ತಾರಸಿಯ ಬಿಸಿಲಿನ ಲೆಕ್ಕವನ್ನೂ ಬಿಲ್ ಒಂದರಿಂದಲೇ ಮುಗಿಸಲಾಗದು.