ಮಂದ್ರದ ದನಿಗೂ ಕಿವಿಗೊಡೋಣ

ಹಲವರು ಒಮ್ಮೆಲೇ ನುಡಿದರೆ ಗದ್ದಲ. ಅದು ಸಾಮರಸ್ಯವಾಗುವುದು ಯಾವಾಗ? ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ ಸಂಕಲಿಸಿದ ‘ವೆಲ್ ಟೆಂಪರ್ಡ್ ಕ್ಲಾವಿಯರ್’ ಮೊದಲ ಸಂಪುಟದ ಸಿ ಮೈನರ್ ಫ್ಯೂಗ್ ಇದಕ್ಕೆ ಉತ್ತರವೀಯುತ್ತದೆ.

ಸಂಗೀತಶಾಸ್ತ್ರ ತಿಳಿಯದೆಂದು ಅಂಜಬೇಡಿ. ಮೊದಲು ಮಧ್ಯದ ದನಿಯೊಂದೇ ಪುಟ್ಟ ಸ್ವರಪಂಕ್ತಿಯನ್ನು ನುಡಿಯುತ್ತದೆ. ಅದನ್ನು ಮನದಲ್ಲೇ ಗುನುಗಿಕೊಳ್ಳಿ. ಅದನ್ನೇ ಮೇಲಿನ ದನಿ, ಬಳಿಕ ಮಂದ್ರದ ದನಿ ಎತ್ತಿಕೊಳ್ಳುತ್ತವೆ. ಹಾಗೆಂದು ಮೊದಲಿನದು ಮೂಕವಾಗುವುದಿಲ್ಲ. ಹೊಸಬರಿಗೆ ಎಡೆಗೊಟ್ಟು, ಬೇರೊಂದು ನಡೆಯಲ್ಲಿ ಜೊತೆಗೂಡುತ್ತದೆ. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೆಣಗದಿರಿ. ಮರಳಿ ಕೇಳುವಾಗ ಮಂದ್ರವನ್ನು ಮಾತ್ರ ಹಿಂಬಾಲಿಸಿ.

ಕಿವಿ ಸಹಜವಾಗಿ ಎದ್ದು ಕೇಳುವ ದನಿಯತ್ತಲೇ ಓಡುತ್ತದೆ. ತಗ್ಗಿನ ದನಿಯೂ ಅದೇ ಮಾತನ್ನು ಅಷ್ಟೇ ಅಧಿಕಾರದಿಂದ ನುಡಿಯುತ್ತಿದೆಯೆಂದು ಕಂಡುಕೊಳ್ಳುವುದೇ ಇಲ್ಲಿನ ಆನಂದ. ಅಲ್ಲಿಯೇ ನ್ಯಾಯದ ಪಾಠವೂ ಇದೆ. ನಮ್ಮ ಮನೆಯಲ್ಲಿ ಯಾರ ದನಿ ಕೇಳದೆ ಉಳಿದಿದೆ?