ಇಂದಿನ ಧಮ್ಮ ಚಿಂತನೆ: ಒಳದಾರಿಯ ಭಯ



ಉಪಾಸಕ ಉಪಾಸಿಕೆಯರೇ, ನಮ್ಮವರು ಗಾಡಿ ಮಾಡಿಕೊಂಡು ದೂರ ಹೊರಡುವುದು ಹೆಚ್ಚಾಗಿ ನಾಗಪುರದ ದೀಕ್ಷಾಭೂಮಿಗೆ, ಇಲ್ಲವೇ ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ. ಕ್ರೂಸರ್ ಮೇಲೆ ಹಾಸಿಗೆ ಗಂಟು, ಒಳಗೆ ಗ್ಯಾಸ್ ಒಲೆ, ರೊಟ್ಟಿ ಬುತ್ತಿ, ನೀರಿನ ಕ್ಯಾನು. ಕತ್ತಲಾದಲ್ಲಿ ನಿಲ್ಲಿಸಿ ಅಡುಗೆ, ಅಲ್ಲೇ ನಿದ್ದೆ. ಈಗೀಗ ಬರೀ ನಾಲ್ಕು ಊರು ನೋಡುವ ಸಂತೋಷಕ್ಕೂ ಹೀಗೆ ಹೊರಡುತ್ತಿದ್ದೇವೆ. ಒಳ್ಳೆಯದೇ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವವರು ಹೆದ್ದಾರಿ ಹಿಡಿದು ರಾಜೇಶ್ವರ ದಾಟಿ ಬಂಗ್ಲಾದಲ್ಲಿ ತಿರುಗುತ್ತಾರೆ. ಹಳ್ಳಿಗಳ ನಡುವಿನ ದಾರಿ ಸುತ್ತಾದರೂ ಚೆಂದ: ಕೆಂಪು ನೆಲ ಮುಗಿದಲ್ಲಿ ಕರಿ ಎರೆ, ದೀಪಾವಳಿ ಕಳೆದ ಮೇಲೆ ಹಳದಿ ಹೂ ಬಿಟ್ಟ ತೊಗರಿ. ಆದರೂ ಮನೆಯ ಹಿರಿಯರು "ಹೈವೇ ಮ್ಯಾಲೇ ಹೋಗ್ರಿ" ಎನ್ನುತ್ತಾರೆ. ಅದಕ್ಕೆ ಕಾರಣ ರಸ್ತೆಯ ಗುಂಡಿಗಳಲ್ಲ. ಢಾಬಾದಲ್ಲಿ ರೊಕ್ಕ ಕೊಟ್ಟರೆ ಊಟ ಸಿಗುತ್ತದೆ. ಊರ ಕಟ್ಟೆಯ ಮುಂದೆ ಗಾಡಿ ನಿಂತರೆ ಮೊದಲ ಪ್ರಶ್ನೆ "ಯಾವ ಊರವರ್ರಿ?", ಎರಡನೆಯದು "ಯಾವ ಮಂದಿ?"

ಈ ಹಿಂಜರಿಕೆಯನ್ನು ಹೇಡಿತನ ಎನ್ನಬೇಡಿ. 1934ರಲ್ಲಿ ಬಾಬಾಸಾಹೇಬರು ಸುಮಾರು 30 ಸಂಗಾತಿಗಳೊಂದಿಗೆ ಬಸ್ಸು, ಕಾರುಗಳಲ್ಲಿ ವೇರೂಳದ ಗುಹೆ ನೋಡಲು ಹೊರಟಿದ್ದರು. ಅದು ನಿಜಾಮನ ರಾಜ್ಯ. ನಮ್ಮ ಹುಮನಾಬಾದ್, ಕಲ್ಯಾಣಿ ಕೂಡ ಆಗ ಅದೇ ರಾಜ್ಯದಲ್ಲಿದ್ದವು. ತೊಂದರೆ ಆಗದಿರಲೆಂದು ಗುರುತು ತೋರದೆ ಹೋಗುವುದೆಂದು ತೀರ್ಮಾನಿಸಿದ್ದರು. ದೌಲತಾಬಾದ್ ಕೋಟೆಯ ಮುಂದಿನ ಹೊಂಡದಲ್ಲಿ ಕೆಲವರು ಧೂಳು ಹಿಡಿದ ಮುಖ ತೊಳೆದರು. ನೀರು ಮೈಲಿಗೆಯಾಯಿತೆಂದು ಜನ ಕೂಗುತ್ತ ಮುತ್ತಿದರು. ಕೊನೆಗೆ, ಒಳಗೆಲ್ಲೂ ನೀರು ಮುಟ್ಟದಂತೆ ಕಾಯಲು ಶಸ್ತ್ರಧಾರಿ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು. ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರನ ಪ್ರವಾಸವೇ ಹೀಗೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿಟ್ಟಿದ್ದಾರೆ. ಮಕ್ಕಳಿಗೆ ಓದಿ ಹೇಳಿ.

ಮಜ್ಝಿಮ ನಿಕಾಯದ ಭಯಭೇರವ ಸುತ್ತದಲ್ಲಿ ಭಗವಾನರು ಬೋಧಿಗೆ ಮುಂಚಿನ ತಮ್ಮ ಸಾಧನೆಯನ್ನು ಹೇಳುತ್ತಾರೆ. ಭಯ ಹುಟ್ಟಿಸುವ ಕಾಡಿಗೆ ಬೇಕೆಂದೇ ಹೋಗಿ ರಾತ್ರಿ ಉಳಿದರು. ನಡೆಯುವಾಗ ಭಯ ಬಂದರೆ ನಿಲ್ಲಲಿಲ್ಲ, ಕೂರಲಿಲ್ಲ. ಭಯ ಹೋಗುವ ತನಕ ನಡೆದೇ ಇದ್ದರು. ಓಡಲಿಲ್ಲ, ಭಯವೇ ಇಲ್ಲವೆಂದು ನಟಿಸಲೂ ಇಲ್ಲ. ನನಗೆ ಬಹಳ ಹಿಡಿಸುವ ಸುತ್ತವಿದು.

ಆದರೆ ಕಾಡಿನ ಕತ್ತಲೆಯಲ್ಲಿ ಹುಟ್ಟುವ ಭಯವೇ ಬೇರೆ, ಊರ ಕಟ್ಟೆಯ ಭಯವೇ ಬೇರೆ. ಎರಡನೆಯದಕ್ಕೆ ಹೊರಗೆ ಕಾರಣವುಂಟು. ಕಣ್ಣು ಮುಚ್ಚಿ ಕುಳಿತರೆ ಅದೆಲ್ಲ ಹೋಗುತ್ತದೆಂದು ಹೇಳುವವರನ್ನು ನಂಬಬೇಡಿ. ಬಾಬಾಸಾಹೇಬರ ನೇತೃತ್ವದ ಕರಡು ಸಮಿತಿ ರೂಪಿಸಿದ ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಒಂದೊಂದನ್ನೂ ಹೆಸರಿಟ್ಟು ಬರೆಯಲಾಗಿದೆ, ಅಂಗಡಿ ಹೋಟೆಲನ್ನೂ ಸೇರಿಸಿ. ಅದನ್ನು ಓದುವಾಗಲೆಲ್ಲ ನನಗೆ ದೌಲತಾಬಾದಿನ ಆ ಹೊಂಡ ನೆನಪಾಗುತ್ತದೆ.

ಈ ಒಳದಾರಿ ಕೊನೆಗೆ ಸೇರುವುದೂ ಎಂಥ ಊರಿಗೆ? ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ಬೀಗರೂ ಜೀವ ತೆತ್ತ ಕಲ್ಯಾಣಕ್ಕೆ.

ಮುಂದಿನ ರಜೆಗೆ ಹೊರಡುವವರು ಆ ದಾರಿಯಲ್ಲೇ ಹೋಗಿ. ಹಗಲಿನಲ್ಲಿ, ಎಲ್ಲರೂ ಕೂಡಿ, ಹಿರಿಯರನ್ನೂ ಕರೆದುಕೊಂಡು. ಎರಡು ಕ್ಯಾನು ಒಯ್ಯಿರಿ: ಒಂದನ್ನು ಮನೆಯಲ್ಲೇ ತುಂಬಿಸಿ, ಇನ್ನೊಂದನ್ನು ಖಾಲಿ ಇಟ್ಟುಕೊಂಡು ದಾರಿಯ ಯಾವುದಾದರೂ ಊರಿನ ನಳದಲ್ಲಿ ತುಂಬಿಸಿಕೊಳ್ಳಿ. ಯಾರಾದರೂ "ಯಾವ ಮಂದಿ?" ಎಂದು ಕೇಳಿದರೆ "ಬೌದ್ಧರು" ಎನ್ನಿ.