ಅಡುಗೆಮನೆಯಲ್ಲಿ ಕವಚ

ಒಬ್ಬರ ಕೈಗೆ ಕೈಗವಸು ತೊಡಿಸುವುದರಲ್ಲಿ ತತ್ತ್ವವಿಚಾರ ಮಾಡುವಂಥದೇನೂ ಇಲ್ಲವೆಂದು ನಾನೂ ನಂಬಿದ್ದೆ. ಹೋದ ವರ್ಷ ಮಳೆ ಹಿಂದಾದ ಮೇಲೆ, ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರನ್ನು ಕಟ್ಟಿಕೊಂಡು ಬೆಳ್ಳಾರೆಯಿಂದ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ಏಳು ದಿನ ಶಿಬಿರ ಹೂಡಿದ್ದೆ. ಶಾಲೆಯ ಹೆಸರು ಇಲ್ಲಿ ಬೇಡ. ಅದು ಸುತ್ತಲಿನ ಶಾಲೆಗಳಿಗಿಂತ ಕೆಟ್ಟದ್ದೇನಲ್ಲ. ಹೆಸರು ಹೇಳಿದರೆ ದೋಷವೆಲ್ಲ ಅದೊಂದರದೇ ಎಂದಾದೀತು.

ಅಲ್ಲಿ ಬಿಸಿಯೂಟದ ಅಡುಗೆಗೆ ಇಬ್ಬರು ಹೆಂಗಸರು. ಹಿರಿಯಾಕೆಯನ್ನು ಮಕ್ಕಳೂ ಮಾಷ್ಟ್ರುಗಳೂ ‘ಅಕ್ಕ’ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ತೊಂಬತ್ತು ಮಕ್ಕಳ ಅನ್ನ ಒಂದೇ ಪಾತ್ರೆಯಲ್ಲಿ ಬೇಯುತ್ತಿತ್ತು. ಸೊಂಟದೆತ್ತರದ ಕಟ್ಟೆ, ಕಟ್ಟೆಯ ಮೇಲೆ ಗ್ಯಾಸಿನ ಒಲೆ, ಒಲೆಯ ಮೇಲೆ ಪಾತ್ರೆ; ಪಾತ್ರೆಯ ಬಾಯಿ ಆಕೆಯ ಭುಜದ ಮಟ್ಟಕ್ಕೆ ಬರುತ್ತಿತ್ತು. ಗಂಜಿ ಬಸಿಯಬೇಕಾದಾಗ ಇಬ್ಬರೂ ಮಸಿ ಅರಿವೆ ಹಿಡಿದು, ನಲವತ್ತು ಕಿಲೋ ಮೀರುವ ಆ ಭಾರವನ್ನು ಎತ್ತಿ, ಒದ್ದೆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ಬಚ್ಚಲಿನ ಕಡೆಗೆ ಬಾಗಿಸುತ್ತಿದ್ದರು. ಅಕ್ಕನ ಮುಂಗೈಯಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆ. ಅದರ ಮೇಲೊಂದು ಹೊಸದು.

ನನ್ನ ಹುಡುಗರ ಮನಸ್ಸು ಕರಗಿತು. ತಮ್ಮೊಳಗೇ ಹಣ ಕೂಡಿಸಿ, ಪುತ್ತೂರಿನಿಂದ ಎರಡು ಜೊತೆ ದಪ್ಪ ರಬ್ಬರಿನ ಕೈಗವಸು ತರಿಸಿದರು. ಶಿಬಿರದ ಸಮಾರೋಪದಲ್ಲಿ ಅದನ್ನು ಕೊಟ್ಟು, ಚಪ್ಪಾಳೆಯಾಗಿ, ಫೋಟೋ ತೆಗೆಸಿಕೊಂಡೂ ಆಯಿತು. ಫೋಟೋದಲ್ಲಿ ನಾನೂ ಇದ್ದೇನೆ.

ತಿಂಗಳ ಮೇಲೆ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಶಾಲೆಗೆ ಇಣುಕಿದೆ. ಕೈಗವಸು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದರ ಕೆಳಗೆ ಅಕ್ಕ ಮಸಿ ಅರಿವೆಯಲ್ಲಿ ಪಾತ್ರೆ ಹಿಡಿದಿದ್ದರು. ನಿಜ ಹೇಳಬೇಕೆಂದರೆ ನನಗೆ ಬಂದದ್ದು ಸಿಟ್ಟು. ಕೊಟ್ಟರೂ ತೊಡದವರಿಗೆ ಏನು ಮಾಡಲಾದೀತು, ಇನ್ನು ಸುಟ್ಟರೆ ಅದು ಅವರದೇ ಹಣೆಬರಹ ಎಂದು ಮನಸ್ಸು ಆಗಲೇ ತೀರ್ಪು ಬರೆದುಬಿಟ್ಟಿತ್ತು. ಈ ತೀರ್ಪು ಎಷ್ಟು ಬೇಗ ಹುಟ್ಟಿತೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

“ಯಾಕೆ ಅಕ್ಕ, ಹಾಕುವುದಿಲ್ಲವಾ?” ಎಂದೆ.

“ಅದು ಗಂಡಸರ ಅಳತೆ ಸರ್. ಬೆರಳು ತುದಿಯವರೆಗೆ ಹೋಗುವುದಿಲ್ಲ, ಪಾತ್ರೆಯ ಕಂಠ ಜಾರುತ್ತದೆ. ಅರಿವೆಗೆ ಗಂಜಿ ಬಿದ್ದರೆ ಕೊಡವಿ ಬಿಡಬಹುದು. ಅದರ ಒಳಗೆ ಹೋದರೆ ಬಿಚ್ಚುವಷ್ಟರಲ್ಲಿ ಕೈಯೇ ಬೆಂದಿರುತ್ತದೆ. ಬೆಂಕಿಯ ಹತ್ತಿರ ರಬ್ಬರು ಬೇರೆ ಅಂಟುತ್ತದೆ.”

ನಾನೇ ತೊಟ್ಟು, ತಣ್ಣೀರು ತುಂಬಿದ ಪಾತ್ರೆಯನ್ನು ಎತ್ತಿ ನೋಡಿದೆ. ಎರಡನೆಯ ಹೆಜ್ಜೆಗೇ ಅಂಗಿ ಒದ್ದೆಯಾಯಿತು. ಆಮೇಲೆ, ಕೊಡುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: “ಹಾಗಾದರೆ ನಿಮಗೆ ಎಂತ ಬೇಕು?”

“ನಮಗೆ ಎಂತದೂ ಬೇಡ ಸರ್. ಒಲೆ ತಗ್ಗಿಗೆ ಬಂದರೆ ಸಾಕು. ದೊಡ್ಡ ಪಾತ್ರೆ ಒಂದರ ಬದಲು ಸಣ್ಣದು ಎರಡಾದರೆ ಒಬ್ಬೊಬ್ಬರೇ ಇಳಿಸಬಹುದು. ನೆಲಕ್ಕೆ ಸ್ವಲ್ಪ ದೊರಗು ಸಿಮೆಂಟು.”

ಎಲ್ಲಿ ಅಪಾಯವಿದೆ, ಅದರ ಬೇರು ಯಾವುದು, ಯಾವುದನ್ನು ಮೊದಲು ಸರಿಪಡಿಸಬೇಕು, ಎಲ್ಲವೂ ಆಕೆಗೆ ಗೊತ್ತಿತ್ತು. ಆಕೆಯನ್ನು ಕೇಳಿದವರಿರಲಿಲ್ಲ, ಅಷ್ಟೆ. ಕಾರ್ಖಾನೆಗಳ ಸುರಕ್ಷತೆಯನ್ನು ಕುರಿತು ಬರೆದವರು ಹೇಳುವ ಕ್ರಮವೂ ಇದೇ: ಮೊದಲು ಅಪಾಯವನ್ನೇ ಇಲ್ಲವಾಗಿಸು, ಆಗದಿದ್ದರೆ ಅದರ ಬದಲು ಕಡಿಮೆ ಅಪಾಯದ್ದನ್ನು ತಾ, ಅದೂ ಆಗದಿದ್ದರೆ ಸ್ಥಳವನ್ನೂ ಕೆಲಸದ ರೀತಿಯನ್ನೂ ತಿದ್ದು, ಏನೂ ಸಾಲದಾದಾಗ ಕಟ್ಟಕಡೆಗೆ ಮೈಗೆ ಕವಚ ತೊಡಿಸು. ನಾವು ಕಡೆಯದನ್ನು ಮೊದಲು ಮಾಡಿದ್ದೆವು. ಅದು ಅಗ್ಗ, ಬೇಗ ಸಿಗುತ್ತದೆ, ಫೋಟೋದಲ್ಲಿ ಕಾಣುತ್ತದೆ. ತಗ್ಗಿಸಿದ ಒಲೆ ಫೋಟೋದಲ್ಲಿ ಕಾಣುವುದಿಲ್ಲ.

ಆದರೆ ಇದು ಬರಿಯ ಅನುಕ್ರಮದ ತಪ್ಪೇ? ಕವಚ ಯುದ್ಧಭೂಮಿಯ ವಸ್ತು. ಶತ್ರುವಿನ ಬಾಣವನ್ನು ನಾವು ನಿಲ್ಲಿಸಲಾರೆವು; ಆದ್ದರಿಂದ ಎದೆಗೆ ಕಬ್ಬಿಣ ಕಟ್ಟಿಕೊಳ್ಳುತ್ತೇವೆ. ಶಾಲೆಯ ಅಡುಗೆಮನೆಯಲ್ಲಿ ಬಾಣ ಬಿಡುವವರು ಯಾರು? ಆ ಕಟ್ಟೆಯನ್ನು ಸೊಂಟದೆತ್ತರಕ್ಕೆ ಕಟ್ಟಿಸಿದವರೂ, ಪಾತ್ರೆ ಕೊಂಡವರೂ, ನೆಲವನ್ನು ನುಣ್ಣಗೆ ಸಾರಿಸಿದವರೂ ನಮ್ಮವರೇ. ಅಲ್ಲಿ ಕವಚ ಕೊಡುವುದೆಂದರೆ, ಅಡುಗೆಮನೆ ಹೀಗೆಯೇ ರಣರಂಗವಾಗಿ ಇರತಕ್ಕದ್ದು, ನೀನು ಹುಷಾರಾಗಿರು ಎಂದಂತೆ. ಅಪಾಯವನ್ನು ಉಂಟುಮಾಡಿದವನ ಹೊಣೆ ಕೈಗವಸಿನೊಳಗೆ ಹೊಕ್ಕು, ಅದನ್ನು ತೊಡುವವಳ ಕೈಗೆ ಬಂದುಬಿಡುತ್ತದೆ. ತೊಡದಿದ್ದರೆ ತಪ್ಪು ಅವಳದು. ನನ್ನ ಸಿಟ್ಟಿನ ಅರ್ಥ ಇದೇ ಆಗಿತ್ತು.

ಆಕೆಯನ್ನು ಯಾರೂ ಕೇಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಒಳ್ಳೆಯ ಕೆಲಸ, ಆ ಊಟಕ್ಕಾಗಿಯೇ ಶಾಲೆಗೆ ಬಂದ ಮಕ್ಕಳು ಮುಂದೆ ನನ್ನ ತರಗತಿಯಲ್ಲೂ ಕುಳಿತಿದ್ದಾರೆ. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಮುಂದೆ ನೂರಕ್ಕೊಬ್ಬರು ಎಂದು ಅಡುಗೆಯವರ ಲೆಕ್ಕವೂ ಗೊತ್ತಾಯಿತು. ಆದರೆ ಅವರಿಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಕನ್ನಡ ಪಾಠ ಹೇಳುವ ನನಗೆ ಈ ಶಬ್ದದ ಮೇಲೆ ಕಣ್ಣು. ಸಂಬಳ ಪಡೆಯುವವರಿಗೆ ಹಕ್ಕಿದೆ. ಗೌರವಧನ ಪಡೆಯುವವರಿಗೆ ಗೌರವ ಮಾತ್ರ, ಅದೂ ಮಾತಿನಲ್ಲಿ. ಶಾಲೆಯ ಸಿಬ್ಬಂದಿಯ ಸುರಕ್ಷತೆ ಎಂದು ನಾವು ಪಟ್ಟಿ ಮಾಡಹೊರಟರೆ ಮುಖ್ಯೋಪಾಧ್ಯಾಯರಿಂದ ಜವಾನರವರೆಗೆ ಬರುತ್ತದೆ. ದಿನವೂ ಬೆಂಕಿಯ ಮುಂದೆ ನಿಲ್ಲುವವರಲ್ಲಿಗೆ ಬರುವ ಮೊದಲೇ ಕಾಗದ ಮುಗಿಯುತ್ತದೆ.

ಹೊರಗಿನ ಎರಡು ದುರಂತಗಳನ್ನು ಇಲ್ಲಿ ನೆನೆಯಬೇಕು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. ಯಾವ ಉಡುಪು ಅವರನ್ನು ಉಳಿಸುತ್ತಿತ್ತು? ಒಂಬತ್ತು ವರ್ಷಗಳ ಮೇಲೆ, 2013ರಲ್ಲಿ, ಅದೇ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಅಡುಗೆ ಉಂಡು 23 ಮಕ್ಕಳು ತೀರಿಕೊಂಡರು. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆ ಸಂಶಯಪಟ್ಟಿದ್ದಳೆಂದೂ ಆ ಮಾತು ನಡೆಯಲಿಲ್ಲವೆಂದೂ ಆಗ ಪತ್ರಿಕೆಗಳು ಬರೆದವು. ಅದನ್ನೇ ಉಂಡು ಆಕೆಯೂ ಕಾಯಿಲೆ ಬಿದ್ದಳು. ಅಪಾಯವನ್ನು ಅಳೆಯುವ ಉಪಕರಣ ಅಲ್ಲಿ ಇತ್ತು. ಅದು ಆಕೆಯ ಮೂಗು. ಆದರೆ ಆ ಮೂಗಿನ ಮಾತಿಗೆ ಶಾಲೆಯಲ್ಲಿ ಬೆಲೆ ಇರಲಿಲ್ಲ.

ಕವಚ ಮಾತನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಕಾನೂನಿನಲ್ಲೇ ಒಂದು ಸೋಜಿಗವಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆಯಲ್ಲಿ, ಸರ್ಕಾರ ಸೂಚಿಸಿದ ಸಾಧನಗಳನ್ನು ಹಿಡಿದು ರಕ್ಷಣೆಯ ಉಡುಪು ತೊಟ್ಟು ಆ ಕೆಲಸ ಮಾಡುವವನನ್ನು ಮಲ ಹೊರುವವನೆಂದು ಎಣಿಸತಕ್ಕದ್ದಲ್ಲ ಎಂಬ ವಿವರಣೆ ಇದೆ. ಗುಂಡಿ ಅದೇ, ಮನುಷ್ಯ ಅವನೇ. ಉಡುಪು ಬಂದೊಡನೆ ಹೆಸರು ಹೋಯಿತು! ಉದ್ದೇಶ ಒಳ್ಳೆಯದೇ ಇದ್ದೀತು. ಆದರೂ ಆ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಮೊಳೆಯಲ್ಲಿ ತೂಗುತ್ತಿದ್ದ ಕೈಗವಸು ಕಣ್ಣಮುಂದೆ ಬರುತ್ತದೆ.

ಹಾಗೆಂದು ಕವಚವೇ ಬೇಡವೆನ್ನುವಷ್ಟು ನಾನು ಮೂಢನಲ್ಲ. 2020ರ ಜೂನಿನಲ್ಲಿ ಸೋಂಕಿನ ನಡುವೆ ಹತ್ತನೆಯ ತರಗತಿಯ ಪರೀಕ್ಷೆ ನಡೆದಾಗ ಮಕ್ಕಳೂ ಮಾಷ್ಟ್ರುಗಳೂ ಮುಖಗವಸು ತೊಟ್ಟೇ ಕುಳಿತರು. ಅಲ್ಲಿ ಕಣ್ಣಿಗೆ ಕಾಣದ ಬಾಣಗಳಿದ್ದುವು. ಒಲೆ ತಗ್ಗಿದರೂ ಬೆಂಕಿ ಬೆಂಕಿಯೇ. ಬೇಕಾದ ಕಡೆ ಕವಚ ಬೇಕು, ಆದರೆ ತೊಡುವವರ ಮೈಯಳತೆಗೆ. ನಮ್ಮ ಸೀಮೆಯ ಹಿರಿಯರಿಗೆ ಇದು ತಿಳಿದಿತ್ತು. ಅಡಿಕೆಯ ಹಾಳೆಯಿಂದ ಮಾಡಿದ ಮುಟ್ಟಾಳೆ ತಲೆಗೆ ಸರಿಯಾಗಿ ಕೂರುತ್ತದೆ, ಹೊರೆಯನ್ನೂ ತಾಳುತ್ತದೆ. ನೇಜಿ ನೆಡುವ ಹೆಂಗಸರ ಗೊರಬೆ ಬೆನ್ನಿಗೆ ಮಳೆ ತಾಗಗೊಡದು, ಕೈಗಳನ್ನು ಕಟ್ಟಿಹಾಕದು. ಅವನ್ನು ರೂಪಿಸಿದವರು ತೊಡುವವರೇ. ಕರ್ಣನ ಕವಚವೂ ಅವನ ಮೈಯೊಂದಿಗೇ ಬೆಳೆದದ್ದಲ್ಲವೇ? ಇನ್ನು ಖರ್ಚಿನ ಮಾತು: ಸುರಕ್ಷತೆಯ ಕ್ರಮಗಳಿಗಾಗಿ ದುಡಿಯುವವರಿಗೆ ಕಾಸಿನ ವೆಚ್ಚವೂ ತಗಲಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1981ರಲ್ಲೇ ಬರೆದಿಟ್ಟಿದೆ. ಅಕ್ಕನ ಮಸಿ ಅರಿವೆ ಅವರದೇ ಹಳೆಯ ಸೀರೆಯದು.

ಒಲೆಯ ವಿಷಯ ಏನಾಯಿತೆಂದು ಓದುಗರು ಕೇಳಬಹುದು. ಮಂಜೂರಾತಿ ಬೇಕೆಂದು ಕೆಲವು ದಿನ ಮಾತು ನಡೆಯಿತು. ಕಡೆಗೆ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದ ಕೃಷಿಕರೊಬ್ಬರು ತಮ್ಮ ಮನೆಗೆಲಸಕ್ಕೆ ಬಂದಿದ್ದ ಮೇಸ್ತ್ರಿಯನ್ನು ಅರ್ಧ ದಿನ ಕಳುಹಿಸಿ, ಮೊಣಕಾಲೆತ್ತರಕ್ಕೆ ಬೇರೆ ಕಟ್ಟೆ ಕಟ್ಟಿಸಿದರು. ಎರಡು ಪಾತ್ರೆಗಳಲ್ಲಿ ಒಂದು ಬಂದಿದೆ. ನೆಲ ಇನ್ನೂ ನುಣ್ಣಗೆಯೇ ಇದೆ. ಕೈಗವಸುಗಳು ಮಕ್ಕಳ ಕೈತೋಟದಲ್ಲಿ ಮುಳ್ಳುಗಿಡ ಕೀಳುವುದಕ್ಕೆ ಉಪಯೋಗವಾಗುತ್ತಿವೆ.

ಮೊನ್ನೆ ಹೋದಾಗ ಅಕ್ಕ ಚಹಾ ಕೊಟ್ಟರು. ನನ್ನ ಕೆಮ್ಮು ನಿಲ್ಲದಿರುವುದನ್ನು ಕೇಳಿ, “ಇಪ್ಪತ್ತು ವರ್ಷ ಸೀಮೆಸುಣ್ಣದ ಹುಡಿ ತಿಂದಿದ್ದೀರಲ್ಲ ಸರ್, ನಿಮ್ಮ ಮೂಗಿಗೆ ಎಂತ ಕೊಟ್ಟಿದ್ದಾರೆ?” ಎಂದರು. ಏನೂ ಇಲ್ಲ ಅಕ್ಕ, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ ಎಂದೆ.